ಗಿರಾಕಿಯನ್ನು ಕರೆತಂದವರಾರು?

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ತಾಲ್ಲೂಕುಗಳು ನಿಂಬೆಗೆ ಹೆಸರಾದುವು. ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಹಣ್ಣನ್ನು ಹಣ್ಣಾಗಿಯೇ ಮಾರುವುದಕ್ಕಿಂತ ಉಪ್ಪಿನಕಾಯಿ ಹಾಕಿ, ಅಂತರ್ಜಾಲದ ಮೂಲಕ ದೂರದ ಊರುಗಳಿಗೆ ಮಾರಿದರೆ ಹೆಚ್ಚು ಲಾಭವಲ್ಲವೆ ಎಂದು ಸಿಂದಗಿಯ ಒಂದು ಮನೆಯವರು ಯೋಚಿಸಿದರೆಂದು ಭಾವಿಸೋಣ. ಉಪ್ಪಿನಕಾಯಿಯೇನೋ ರುಚಿಯಾಗಿದೆ, ಆದರೆ ಬೆಂಗಳೂರಿನವರಿಗಾಗಲಿ ಪುಣೆಯವರಿಗಾಗಲಿ ಇವರ ಹೆಸರೇ ತಿಳಿಯದು. ಆದುದರಿಂದ ಜಾಹೀರಾತು ಬೇಕು. ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿದರೆ ಅದನ್ನು ಯಾರು ಓದಿದರು, ಓದಿದವರಲ್ಲಿ ಎಷ್ಟು ಮಂದಿ ಕೊಂಡರು ಎಂಬುದು ತಿಳಿಯುವುದಿಲ್ಲ. ಹಣವನ್ನಂತೂ ಮೊದಲೇ ತೆರಬೇಕು. ಅಂತರ್ಜಾಲದಲ್ಲಿ ಇದಕ್ಕಿಂತ ಸೊಗಸಾದ ಏರ್ಪಾಡೊಂದುಂಟು. “ನಿಮ್ಮ ಸರಕಿನ ಸುದ್ದಿಯನ್ನು ನಾನು ಜನರಿಗೆ ಮುಟ್ಟಿಸುತ್ತೇನೆ. ನನ್ನ ಮೂಲಕ ಬಂದವರು ಕೊಂಡರೆ ಮಾತ್ರ ನನಗೆ ಕಮಿಷನ್ ಕೊಡಿ, ಕೊಳ್ಳದಿದ್ದರೆ ಏನೂ ಬೇಡ” ಎನ್ನುವ ಮಧ್ಯವರ್ತಿಗಳು ಅಲ್ಲಿ ದೊರೆಯುತ್ತಾರೆ. ಇವರಿಗೆ ಅಫಿಲಿಯೇಟ್ ಎಂದು ಹೆಸರು. ನಾವು ದಲ್ಲಾಳಿ ಎಂದೇ ಕರೆಯೋಣ. ನಮ್ಮ ಸೀಮೆಯ ಮಾರುಕಟ್ಟೆಯನ್ನು ಬಲ್ಲ ಓದುಗರಿಗೆ ಆ ಮಾತು ಹೊಸದಲ್ಲ.

ಅಮೆರಿಕದ ಅಮೆಜಾನ್ ಸಂಸ್ಥೆ ಬರಿಯ ಪುಸ್ತಕದಂಗಡಿಯಾಗಿದ್ದ ಕಾಲದಲ್ಲಿ, ಎಂದರೆ 1996ರಲ್ಲಿ, ಈ ಪದ್ಧತಿಯನ್ನು ಕೈಗೊಂಡಿತು. ತರುವಾಯ ಅದು ಲೋಕವ್ಯಾಪಿಯಾಯಿತು. ಯೂಟ್ಯೂಬಿನಲ್ಲಿ ಅಡುಗೆಯನ್ನೋ ಫೋನನ್ನೋ ಕುರಿತು ಮಾತನಾಡುವವರು “ಕೊಂಡಿ ಕೆಳಗಿದೆ” ಎನ್ನುವುದನ್ನು ನೀವು ಕೇಳಿದ್ದೀರಿ. ಆ ಕೊಂಡಿಗಳಲ್ಲಿ ಅನೇಕವು ದಲ್ಲಾಳಿಯ ಕೊಂಡಿಗಳು. ಮಾರಾಟವಾದರೆ ಮಾತ್ರ ಹಣ ಕೊಡುವುದಾದ್ದರಿಂದ ಇದರಲ್ಲಿ ಮೋಸಕ್ಕೆ ಎಡೆಯೇ ಇಲ್ಲವೆಂದು ಮೇಲುನೋಟಕ್ಕೆ ತೋರುತ್ತದೆ. ಹಾಗೆ ತೋರುವುದರಲ್ಲಿಯೇ ಅಪಾಯವಿದೆ. ಏಕೆಂದರೆ ಈ ವ್ಯವಹಾರವೆಲ್ಲ ಒಂದು ಅಳತೆಯನ್ನು ಅವಲಂಬಿಸಿದೆ: ಕೊಂಡ ಗಿರಾಕಿಯನ್ನು ಕರೆತಂದವರಾರು? ಇದನ್ನು ಅಂಗಡಿಯು ಹೇಗೆ ಅರಿಯುತ್ತದೆ?

ಕುಕಿ ಎಂಬ ಸಾಧನದಿಂದ ಅರಿಯುತ್ತದೆ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಎಂಬ ತಂತ್ರಜ್ಞ ಇದನ್ನು ರೂಪಿಸಿದರು. ಅಂಗಡಿಯ ಜಾಲತಾಣವು ಗಿರಾಕಿಯ ಕಂಪ್ಯೂಟರಿನಲ್ಲಿಯೋ ಫೋನಿನಲ್ಲಿಯೋ ಬರೆದಿಡುವ ಒಂದು ಪುಟ್ಟ ಚೀಟಿ ಅದು. ಗಿರಾಕಿಯು ದಲ್ಲಾಳಿಯ ಕೊಂಡಿಯನ್ನು ಒತ್ತಿ ಅಂಗಡಿಗೆ ಬಂದೊಡನೆ “ಇವನನ್ನು ಕಳುಹಿಸಿದವನು ಇಂಥವನು” ಎಂದು ಅಂಗಡಿಯು ಚೀಟಿ ಬರೆಯುತ್ತದೆ. ಗಿರಾಕಿಯು ಅಂದೇ ಆಗಲಿ, ಗೊತ್ತುಪಡಿಸಿದ ಕೆಲವು ದಿನಗಳೊಳಗಾಗಲಿ ಸರಕನ್ನು ಕೊಂಡರೆ ಅಂಗಡಿಯು ಚೀಟಿಯನ್ನು ಓದಿ ಕಮಿಷನ್ ಸಲ್ಲಿಸುತ್ತದೆ. ಚೀಟಿಗಳು ಎರಡು ಮೂರು ಇದ್ದರೆ ಕೊನೆಯದಕ್ಕೇ ಮಾನ್ಯತೆ. ಇದು ಬಹುಮಟ್ಟಿಗೆ ಎಲ್ಲೆಡೆಯೂ ನಡೆದುಬಂದಿರುವ ನಿಯಮ.

ವಸತಿಗೃಹದ ಉದಾಹರಣೆಯನ್ನು ತೆಗೆದುಕೊಂಡರೆ ಇದು ಸ್ಪಷ್ಟವಾಗುತ್ತದೆ. ಬಸ್ ನಿಲ್ದಾಣದ ಬಳಿಯ ಒಂದು ವಸತಿಗೃಹದವರು, ಅತಿಥಿಯನ್ನು ಕರೆತಂದವರಿಗೆ 50 ರೂಪಾಯಿ ಕೊಡುವುದಾಗಿ ಸಾರಿದ್ದಾರೆ. ಅತಿಥಿಯ ಜೇಬಿನಲ್ಲಿ ಯಾರ ಚೀಟಿ ಇದೆಯೋ ಅವರಿಗೆ ಹಣ. ಪ್ರಾಮಾಣಿಕನಾದವನು ಬಸ್ಸಿನಿಂದ ಇಳಿದವರೊಡನೆ ಮಾತನಾಡಿ, ವಸತಿಯ ಅನುಕೂಲಗಳನ್ನು ವಿವರಿಸಿ, ಒಪ್ಪಿದವರಿಗೆ ಚೀಟಿ ಕೊಟ್ಟು ಕಳುಹಿಸುತ್ತಾನೆ. ಚತುರನಾದವನು ಅಷ್ಟು ದೂರ ಹೋಗುವುದೇ ಇಲ್ಲ. ವಸತಿಗೃಹದ ಬಾಗಿಲಲ್ಲೇ ನಿಂತು, ತಾವಾಗಿಯೇ ಒಳಗೆ ಹೋಗುತ್ತಿರುವವರ ಜೇಬಿಗೆ ಅವರಿಗರಿಯದಂತೆ ಚೀಟಿಯನ್ನು ತುರುಕುತ್ತಾನೆ. ಗುಮಾಸ್ತನಿಗೆ ಇಬ್ಬರ ಚೀಟಿಯೂ ಒಂದೇ ತೆರನಾಗಿ ಕಾಣುತ್ತದೆ. ಅಷ್ಟೇ ಅಲ್ಲ, ಬಸ್ ನಿಲ್ದಾಣದಿಂದ ಬಂದ ಅತಿಥಿಯ ಜೇಬಿನಲ್ಲಿದ್ದ ಪ್ರಾಮಾಣಿಕನ ಚೀಟಿಯ ಮೇಲೆ ಬಾಗಿಲಲ್ಲಿ ನಿಂತವನ ಚೀಟಿ ಬಿದ್ದು, ಕೊನೆಯದೆಂಬ ಕಾರಣದಿಂದ ಅದಕ್ಕೇ ಹಣ ಸಲ್ಲುತ್ತದೆ.

ಇದು ಬರಿಯ ಕಲ್ಪನೆಯಲ್ಲ. ಈಬೇ ಎಂಬ ಹೆಸರಾಂತ ಅಂತರ್ಜಾಲ ಮಾರುಕಟ್ಟೆಯು 2008ರಲ್ಲಿ ತನ್ನ ಅತಿ ದೊಡ್ಡ ದಲ್ಲಾಳಿಗಳಲ್ಲಿ ಇಬ್ಬರ ಮೇಲೆ ದಾವೆ ಹೂಡಿತು. ಜನರು ಬೇರಾವುದೋ ಪುಟವನ್ನು ನೋಡುತ್ತಿರುವಾಗ, ಕಣ್ಣಿಗೆ ಕಾಣದಷ್ಟು ಕಿರಿದಾದ ಒಂದು ಚಿತ್ರದ ನೆವದಿಂದ ಅವರ ಕಂಪ್ಯೂಟರು ಈಬೇ ಅಂಗಡಿಯನ್ನು ಗುಟ್ಟಾಗಿ ಮುಟ್ಟಿ ಬರುವಂತೆ ಮಾಡಿ, ಚೀಟಿಯನ್ನು ಪಡೆಯುತ್ತಿದ್ದರೆಂಬುದು ಆರೋಪ. ಚೀಟಿ ತುರುಕಿಸಿಕೊಂಡವರಲ್ಲಿ ಎಷ್ಟೋ ಮಂದಿ ಮುಂದೆ ತಮ್ಮ ಇಚ್ಛೆಯಿಂದಲೇ ಈಬೇಯಲ್ಲಿ ಏನನ್ನಾದರೂ ಕೊಳ್ಳುತ್ತಿದ್ದರು. ಕಮಿಷನ್ ಈ ದಲ್ಲಾಳಿಗಳಿಗೆ ಹೋಗುತ್ತಿತ್ತು. ಅವರಲ್ಲೊಬ್ಬನಿಗೆ ಹೀಗೆ ಸಂದ ಮೊತ್ತ ಸುಮಾರು 2.8 ಕೋಟಿ ಡಾಲರು. ಮೊಕದ್ದಮೆಯು ಕ್ರಿಮಿನಲ್ ಸ್ವರೂಪವನ್ನೂ ತಾಳಿ, ಇಬ್ಬರೂ ತಪ್ಪನ್ನು ಒಪ್ಪಿಕೊಂಡ ಮೇಲೆ 2014ರಲ್ಲಿ ಒಬ್ಬನಿಗೆ 5 ತಿಂಗಳು, ಇನ್ನೊಬ್ಬನಿಗೆ 15 ತಿಂಗಳು ಸೆರೆವಾಸ ವಿಧಿಸಲಾಯಿತು. ಇಲ್ಲಿ ಕೊಂಡವರು ನಿಜವಾದ ಗಿರಾಕಿಗಳು, ಅವರು ಕೊಟ್ಟದ್ದು ನಿಜವಾದ ಹಣ ಎಂಬುದನ್ನು ಗಮನಿಸಬೇಕು. ಲೆಕ್ಕದ ಪುಸ್ತಕದಲ್ಲಿ ಸುಳ್ಳಾಗಿದ್ದುದು ಒಂದೇ ಅಂಕಣ: ಕರೆತಂದವರ ಹೆಸರು.

ಇಂಥ ಪ್ರಸಂಗದಲ್ಲಿ ಅಂಗಡಿಯವನ ಜೊತೆಗೆ ಪ್ರಾಮಾಣಿಕ ದಲ್ಲಾಳಿಯೂ ನಷ್ಟಕ್ಕೆ ಗುರಿಯಾಗುತ್ತಾನೆ. ಪೇಪಾಲ್ ಸಂಸ್ಥೆಗೆ ಸೇರಿದ ಹನಿ ಎಂಬ ರಿಯಾಯಿತಿ ಹುಡುಕುವ ಸಾಧನವು, ಕೊಳ್ಳುವ ಕೊನೆಯ ಗಳಿಗೆಯಲ್ಲಿ ಬೇರೆಯವರ ಚೀಟಿಯನ್ನು ಅಳಿಸಿ ತನ್ನದನ್ನು ಇಡುತ್ತದೆಂದು 2024ರ ಡಿಸೆಂಬರಿನಲ್ಲಿ ಯೂಟ್ಯೂಬಿನಲ್ಲಿ ದೊಡ್ಡ ಆರೋಪವೆದ್ದಿತು. ವಿಡಿಯೋ ಮಾಡಿ ಜೀವನ ಸಾಗಿಸುವ ಅನೇಕರು ಅಮೆರಿಕದಲ್ಲಿ ದಾವೆ ಹೂಡಿದರು. ಕೊನೆಯ ಚೀಟಿಗೆ ಮಾನ್ಯತೆಯೆಂಬುದು ಉದ್ಯಮದ ರೂಢಿಯೇ ಆಗಿದ್ದು ತಾನು ಅದನ್ನು ಪಾಲಿಸುತ್ತಿರುವೆನೆಂಬುದು ಪೇಪಾಲಿನ ಉತ್ತರ. ರೂಢಿಯೆಂಬುದೇನೋ ನಿಜ, ಆದರೆ ಆ ರೂಢಿ ನ್ಯಾಯವಾದುದೆಂದು ನನಗೆ ತೋರುವುದಿಲ್ಲ. ಗಿರಾಕಿಗೆ ನೇರವಾದ ಪ್ರಯೋಜನವಿಲ್ಲದೆ ಇಂಥ ಸಾಧನಗಳು ಚೀಟಿ ಇಡಕೂಡದೆಂದು ಗೂಗಲ್ ಸಂಸ್ಥೆಯು 2025ರ ಮಾರ್ಚಿನಲ್ಲಿ ತನ್ನ ಕ್ರೋಮ್‌ನ ನಿಯಮವನ್ನು ಬಿಗಿಗೊಳಿಸಿತು.

ಇನ್ನು ಫೋನಿನ ಆಪ್‌ಗಳ ವಿಷಯ. ಒಂದು ಆಪನ್ನು ಜನರು ತಮ್ಮ ಫೋನಿಗೆ ಇಳಿಸಿಕೊಂಡರೆ ತಲೆಗಿಷ್ಟು ಎಂದು ದಲ್ಲಾಳಿಗೆ ಹಣ ಸಿಗುತ್ತದೆ. ಇಲ್ಲಿಯ ಮೋಸವನ್ನು ಹಿಡಿಯುವ ಕ್ರಮವು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಪ್ರಿಯವಾಗತಕ್ಕದ್ದು. ಮಿಂಚು ಕಂಡ ಮೇಲೆ ಗುಡುಗು ಕೇಳಲು ಕಿಲೋಮೀಟರಿಗೆ ಸುಮಾರು 3 ಸೆಕೆಂಡು ಬೇಕು. ಐದು ಕಿಲೋಮೀಟರು ದೂರದಲ್ಲಿ ಸಿಡಿಲು ಬಡಿದು, ಒಂದೇ ಸೆಕೆಂಡಿನಲ್ಲಿ ಗುಡುಗು ಕೇಳಿತೆಂದು ಒಬ್ಬನು ಹೇಳಿದರೆ ಆ ಮಾತನ್ನು ನಾವು ನಂಬುವುದಿಲ್ಲ. ಅಂತೆಯೇ ಜಾಹೀರಾತನ್ನು ಒತ್ತಿದ ಗಳಿಗೆಗೂ ಆಪ್ ಮೊದಲ ಬಾರಿ ತೆರೆದ ಗಳಿಗೆಗೂ ನಡುವೆ ಒಂದು ಸಹಜವಾದ ಅಂತರವಿದೆ. ಜನರು ವಿವರಣೆಯನ್ನು ಓದಬೇಕು, ಆಪ್ ಇಳಿಯಬೇಕು, ಬಳಿಕ ಅದನ್ನು ತೆರೆಯಬೇಕು. ಸಾವಿರಾರು ಮಂದಿಯ ಈ ಅಂತರಗಳನ್ನು ಗುರುತಿಸಿ ನಕ್ಷೆ ಬರೆದರೆ, ಮೊದಲ ಕೆಲವು ನಿಮಿಷಗಳಲ್ಲಿ ಎತ್ತರದ ಶಿಖರವೊಂದು ಕಾಣಿಸಿಕೊಂಡು ಆ ಮೇಲೆ ರೇಖೆಯು ಇಳಿಯುತ್ತ ಹೋಗುತ್ತದೆ.

ಕೆಲವು ಮೋಸಗಾರರು ಲಕ್ಷಗಟ್ಟಲೆ ಫೋನುಗಳ ಹೆಸರಿನಲ್ಲಿ ಸುಳ್ಳು ಒತ್ತುಗಳನ್ನು ಎರಚುತ್ತಾರೆ. ಎಂದರೆ ಊರಿನವರೆಲ್ಲರ ಜೇಬಿಗೂ ಚೀಟಿ ಹಾಕಿಬಿಡುತ್ತಾರೆ. ಅವರಲ್ಲಿ ಯಾರಾದರೂ ಎಂದಾದರೂ ತಾವಾಗಿಯೇ ಆ ಆಪನ್ನು ಇಳಿಸಿಕೊಂಡರೆ ಹಣ ಸಿಕ್ಕಿತು. ಒತ್ತಿಗೂ ಇಳಿಸಿಕೊಂಡುದಕ್ಕೂ ಕಾರ್ಯಕಾರಣ ಸಂಬಂಧವೇ ಇಲ್ಲವಾದ್ದರಿಂದ ನಕ್ಷೆಯಲ್ಲಿ ಶಿಖರವಿರುವುದಿಲ್ಲ. ರೇಖೆ ಮಟ್ಟಸವಾಗಿ ದೂರದವರೆಗೆ ಹಬ್ಬಿರುತ್ತದೆ. ಇನ್ನು ಕೆಲವರು ಟಾರ್ಚು, ಕೀಲಿಮಣೆ ಮುಂತಾದ ಉಪಯೋಗದ ಸೋಗಿನಲ್ಲಿ ಫೋನಿನೊಳಗೆ ಮೊದಲೇ ಸೇರಿಕೊಂಡಿರುತ್ತಾರೆ. ಹೊಸ ಆಪ್ ಇಳಿಯುತ್ತಿರುವ ಸುಳಿವು ಸಿಕ್ಕೊಡನೆ ಅವರ ಕಡೆಯಿಂದ ಒಂದು ಸುಳ್ಳು ಒತ್ತು ಹೊರಡುತ್ತದೆ. ಇದು ಬಾಗಿಲಲ್ಲಿ ನಿಂತವನ ಕೆಲಸ. ಆಗ ನಕ್ಷೆಯ ಶಿಖರವು, ಆಪ್ ಇಳಿಯಲು ಬೇಕಾದಷ್ಟೂ ಸಮಯವಿಲ್ಲದ ಮೊದಲ ಕೆಲವು ಸೆಕೆಂಡುಗಳಲ್ಲೇ ನಿಲ್ಲುತ್ತದೆ. 2017ರ ಕೊನೆಯಲ್ಲಿ ಗೂಗಲ್ ಪ್ಲೇ ಅಂಗಡಿಯು, ಒತ್ತಿದ ಗಳಿಗೆ ಯಾವುದು, ಇಳಿಯಲು ತೊಡಗಿದ ಗಳಿಗೆ ಯಾವುದು ಎಂಬೆರಡನ್ನೂ ಆಪಿನ ಒಡೆಯರಿಗೆ ತಿಳಿಸುವ ಏರ್ಪಾಡು ಮಾಡಿತು. ಇಳಿಯಲು ತೊಡಗಿದ ಮೇಲೆ ಬಂದ ಒತ್ತು ಅದಕ್ಕೆ ಕಾರಣವಾಗಲಾರದು. ಅಂಥ ಹಕ್ಕುದಾರಿಕೆಯನ್ನು ನಿಸ್ಸಂಕೋಚವಾಗಿ ತಳ್ಳಿಹಾಕಬಹುದು.

ಒತ್ತುಗಳ ಲಯದಲ್ಲಿಯೂ ಸುಳಿವುಂಟು. 1910ರಲ್ಲಿ ಮ್ಯಾಂಚೆಸ್ಟರಿನಲ್ಲಿ ರುದರ್‌ಫರ್ಡ್ ಮತ್ತು ಗೈಗರ್ ಎಂಬ ವಿಜ್ಞಾನಿಗಳು ಪೊಲೋನಿಯಮ್ಮಿನಿಂದ ಹೊರಡುವ ಆಲ್ಫಾ ಕಣಗಳನ್ನು ಎಣಿಸಿದರು. 7.5 ಸೆಕೆಂಡುಗಳ 2608 ಕಾಲಖಂಡಗಳಲ್ಲಿ ಬಂದ ಕಣಗಳು ಹತ್ತು ಸಾವಿರಕ್ಕೂ ಮಿಗಿಲು. ಖಂಡವೊಂದಕ್ಕೆ ಸರಾಸರಿ ಸುಮಾರು 3.87. ಒಂದು ಕಣವೂ ಬಾರದ ಖಂಡಗಳು 57 ಇದ್ದುವು. ಒಂದರ ಹಂಗು ಇನ್ನೊಂದಕ್ಕಿಲ್ಲದೆ ನಡೆಯುವ ಘಟನೆಗಳಿಗೆ ಫ್ರೆಂಚ್ ಗಣಿತಜ್ಞ ಪ್ವಾಸೋನ್ ಕೊಟ್ಟ ಸೂತ್ರದಂತೆ ಅವು 54 ಇರಬೇಕಾಗಿತ್ತು. ಎಂಥ ಹೊಂದಿಕೆ! ಪರಸ್ಪರ ಪರಿಚಯವಿಲ್ಲದ ಜನರು ತಮ್ಮ ತಮ್ಮ ಮನಸ್ಸಿನಂತೆ ಜಾಹೀರಾತನ್ನು ಒತ್ತುವುದೂ ಸ್ವಲ್ಪ ಹೊತ್ತಿನ ಮಟ್ಟಿಗೆ ಇದೇ ಬಗೆಯದು: ಒಮ್ಮೆ ನಾಲ್ಕು, ಒಮ್ಮೆ ಒಂದು, ಒಮ್ಮೆ ಏನೂ ಇಲ್ಲ. ಯಂತ್ರವಾದರೋ ಐದು ಸೆಕೆಂಡಿಗೊಮ್ಮೆ ತಪ್ಪದೆ ಒತ್ತುತ್ತದೆ. ಇಲ್ಲವೆ ಒಂದೇ ನಿಮಿಷದಲ್ಲಿ ಸಾವಿರ ಒತ್ತಿ ಸುಮ್ಮನಾಗುತ್ತದೆ. ಆದರೆ ಇದನ್ನು ಸುಳಿವೆಂದು ಎಣಿಸಬೇಕೇ ಹೊರತು ಸಾಕ್ಷ್ಯವೆಂದಲ್ಲ. ವಾಟ್ಸಾಪಿನಲ್ಲಿ ಒಂದು ಸಂದೇಶ ಹರಿದಾಡಿದಾಗ ನಿಜವಾದ ಜನರೇ ಗುಂಪುಗುಂಪಾಗಿ ಬರುವುದುಂಟು. ಇತ್ತ ಜಾಣ ಯಂತ್ರಗಳು ಮನುಷ್ಯರ ಅನಿಯತತೆಯನ್ನೂ ಅನುಕರಿಸಬಲ್ಲವು. 2018ರ ನವೆಂಬರಿನಲ್ಲಿ ಅಮೆರಿಕದ ಸರ್ಕಾರವು ಬಯಲಿಗೆಳೆದ ಜಾಹೀರಾತು ವಂಚನೆಯೊಂದರಲ್ಲಿ, ಒಡೆಯರಿಗೆ ತಿಳಿಯದಂತೆ 17 ಲಕ್ಷ ಕಂಪ್ಯೂಟರುಗಳನ್ನು ದುಡಿಸಿಕೊಳ್ಳಲಾಗಿತ್ತು. ಅಂಥ ಒತ್ತುಗಳು ನಿಜವಾದ ಮನೆಗಳಿಂದಲೇ ಬಂದಂತೆ ತೋರುತ್ತವೆ.

ಯಂತ್ರಕ್ಕೆ ಬದಲು ಮನುಷ್ಯರನ್ನೇ ಹಚ್ಚುವುದೂ ಉಂಟು. ಇದು ನಮ್ಮ ದೇಶದ ತರುಣರಿಗೆ ಹತ್ತಿರದ ವಿಷಯ. ಮನೆಯಲ್ಲಿ ಕುಳಿತು ಜಾಹೀರಾತುಗಳನ್ನು ಒತ್ತಿ ಹಣ ಗಳಿಸುವ ಭಾರತೀಯರ ವಿಷಯವನ್ನು 2004ರ ಮೇ ತಿಂಗಳಲ್ಲೇ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯು ವರದಿ ಮಾಡಿತ್ತು. 2017ರ ಫೆಬ್ರುವರಿಯಲ್ಲಿ ಉತ್ತರ ಪ್ರದೇಶದ ಪೊಲೀಸರು ನೋಯ್ಡಾದ ಸೋಷಿಯಲ್ ಟ್ರೇಡ್ ಎಂಬ ಯೋಜನೆಯನ್ನು ಬಯಲಿಗೆಳೆದರು. ಸದಸ್ಯರಾಗಲು ಸಾವಿರಾರು ರೂಪಾಯಿ ಶುಲ್ಕ, ಬಳಿಕ ಒತ್ತಿಗೆ 5 ರೂಪಾಯಿ ಗಳಿಕೆ ಎಂಬುದು ಅದರ ಆಮಿಷ. ಲಕ್ಷಾಂತರ ಜನರಿಂದ ಸುಮಾರು 3700 ಕೋಟಿ ರೂಪಾಯಿ ಸಂಗ್ರಹವಾಗಿತ್ತೆಂದು ಪೊಲೀಸರು ಆಪಾದಿಸಿದರು. ಹಳಬರಿಗೆ ಕೊಡುತ್ತಿದ್ದ ಹಣ ಜಾಹೀರಾತುದಾರರಿಂದ ಬಂದುದಲ್ಲ, ಹೊಸಬರು ಕಟ್ಟಿದ ಶುಲ್ಕವೇ ಎಂಬುದು ಅವರ ಆಪಾದನೆಯ ತಿರುಳು.

“ಈ ಆಪನ್ನು ಇಳಿಸಿಕೊಂಡು ಒಮ್ಮೆ ತೆರೆದರೆ 20 ರೂಪಾಯಿ” ಎಂಬ ಸಂದೇಶ ಹಳ್ಳಿಯ ವಿದ್ಯಾರ್ಥಿಯ ಫೋನಿಗೂ ಬರುತ್ತದೆ. ಅವನು ತೆರೆಯುತ್ತಾನೆ, ಹಣ ಪಡೆಯುತ್ತಾನೆ, ಮರುದಿನ ಆಪನ್ನು ಅಳಿಸುತ್ತಾನೆ. ಅವನು ಯಾರಿಗೂ ಸುಳ್ಳು ಹೇಳಲಿಲ್ಲ. ಆದರೆ ಎಲ್ಲಿಯೋ ಒಬ್ಬ ಜಾಹೀರಾತುದಾರನು, ತನ್ನ ಸರಕಿನಲ್ಲಿ ಆಸಕ್ತಿಯುಳ್ಳ ಗಿರಾಕಿಯೊಬ್ಬ ದೊರೆತನೆಂದು ತಿಳಿದು ದಲ್ಲಾಳಿಗೆ ಅದಕ್ಕಿಂತ ಹೆಚ್ಚಿನ ಹಣವನ್ನು ತೆತ್ತಿದ್ದಾನೆ. ನಡುವಿನ ಹಣ ಯಾರದೋ ಜೇಬು ಸೇರಿದೆ, ವಿದ್ಯಾರ್ಥಿಯ ಫೋನ್ ನಂಬರು ಇನ್ನಾರದೋ ಪಟ್ಟಿ ಸೇರಿದೆ. ಮುಂದಿನ ಸಂದೇಶವು “ಮೊದಲು ನೀವು 500 ರೂಪಾಯಿ ಕಟ್ಟಿ” ಎಂದು ಬಂದರೆ ಅದು ನೇರವಾದ ವಂಚನೆ. ಹಣ ಕಳೆದುಕೊಂಡವರು ತಡಮಾಡದೆ 1930 ಎಂಬ ಸಹಾಯವಾಣಿಗೆ ಕರೆಮಾಡಬೇಕು.

ಇಷ್ಟೆಲ್ಲ ಕಾವಲಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಯಾವ ಸುಳ್ಳೂ ಇಲ್ಲದ ಒತ್ತಿನಿಂದಲೇ ಗಿರಾಕಿಯು ಬಂದನೆನ್ನೋಣ. ಜಾಹೀರಾತು ಇಲ್ಲದಿದ್ದರೆ ಅವನು ಬರುತ್ತಿರಲಿಲ್ಲವೆ? ಕಾಲೇಜಿನ ಪ್ರಯೋಗಶಾಲೆಯಲ್ಲಿ ಗೈಗರ್ ಎಣಿಕೆಯಂತ್ರವನ್ನು ಬಳಸಿದವರಿಗೆ ಇದರ ಮರ್ಮ ಗೊತ್ತು. ವಿಕಿರಣವಸ್ತುವನ್ನು ಇಡುವ ಮೊದಲೇ ಯಂತ್ರವು ಟಿಕ್ ಟಿಕ್ ಎನ್ನುತ್ತಿರುತ್ತದೆ. ಆ ಹಿನ್ನೆಲೆಯ ಎಣಿಕೆಯನ್ನು ಮೊದಲು ತೆಗೆದುಕೊಂಡು ಕೊನೆಗೆ ಕಳೆಯದಿದ್ದರೆ, ಗೋಡೆಯಿಂದಲೂ ಆಕಾಶದಿಂದಲೂ ಬಂದುದನ್ನೆಲ್ಲ ವಸ್ತುವಿನ ಲೆಕ್ಕಕ್ಕೆ ಬರೆದಂತಾಗುತ್ತದೆ.

ಈ ಹಿನ್ನೆಲೆಯನ್ನು ಅಳೆಯಲು ಈಬೇ ಸಂಸ್ಥೆಯ ಅರ್ಥಶಾಸ್ತ್ರಜ್ಞರು 2012ರ ಮಾರ್ಚಿನಲ್ಲಿ ಒಂದು ಪ್ರಯೋಗ ಮಾಡಿದರು. ಇದು ದಲ್ಲಾಳಿಗಳ ಮೋಸದ ಪ್ರಕರಣವಲ್ಲ, ಶುದ್ಧವಾದ ಜಾಹೀರಾತಿನದೇ. ಯಾಹೂ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳ ಹುಡುಕುತಾಣಗಳಲ್ಲಿ “ಈಬೇ” ಎಂದು ಹುಡುಕಿದವರಿಗೆ ತೋರಿಸುತ್ತಿದ್ದ ಜಾಹೀರಾತನ್ನು ನಿಲ್ಲಿಸಿ, ಗೂಗಲಿನಲ್ಲಿ ಮಾತ್ರ ಮುಂದುವರಿಸಿದರು. ಜಾಹೀರಾತನ್ನು ಒತ್ತಿ ಬರುತ್ತಿದ್ದವರಲ್ಲಿ ಶೇಕಡ 99.5ರಷ್ಟು ಮಂದಿ, ಕೆಳಗೆ ಹಣವಿಲ್ಲದೆ ಕಾಣಿಸುವ ಸಾಮಾನ್ಯ ಕೊಂಡಿಯನ್ನು ಒತ್ತಿ ಹೇಗೂ ಬಂದರು! ಅನಂತರ ಅಮೆರಿಕದ ಕೆಲವು ಪ್ರದೇಶಗಳಲ್ಲಿ ಇತರ ಪದಗಳ ಜಾಹೀರಾತನ್ನೂ ನಿಲ್ಲಿಸಿ, ಉಳಿದ ಪ್ರದೇಶಗಳೊಡನೆ ಹೋಲಿಸಿ ನೋಡಿದರು. ಹಳೆಯ ಗಿರಾಕಿಗಳ ಮೇಲೆ ಜಾಹೀರಾತಿನ ಪರಿಣಾಮ ಇಲ್ಲವೆನ್ನುವಷ್ಟು ಅಲ್ಪ. ಹೊಸಬರ ಮೇಲೆ ಮಾತ್ರ ಅದು ಕೆಲಸ ಮಾಡುತ್ತಿತ್ತು. 2015ರಲ್ಲಿ ಪ್ರಕಟವಾದ ಈ ಅಧ್ಯಯನವು ಸಿಂದಗಿಯ ಉಪ್ಪಿನಕಾಯಿಯವರಿಗೆ ಒಂದು ವಿಧದಲ್ಲಿ ಶುಭವಾರ್ತೆ. ಅವರನ್ನು ಇನ್ನೂ ಯಾರೂ ಅರಿಯರಾದ್ದರಿಂದ ಜಾಹೀರಾತಿನಿಂದ ಅವರಿಗೆ ನಿಜವಾದ ಪ್ರಯೋಜನ ಉಂಟಾಗಬಹುದು.

ಇನ್ನೊಂದು ಪ್ರಸಂಗ ಊಬರ್ ಕಂಪನಿಯದು. 2017ರಲ್ಲಿ ಬೇರಾವುದೋ ಕಾರಣಕ್ಕೆ ಅದು ಆಪ್ ಜಾಹೀರಾತುಗಳನ್ನು ತಡೆಯಹೊರಟಾಗ ಸಂದೇಹವುಂಟಾಗಿ, ವರ್ಷದ 15 ಕೋಟಿ ಡಾಲರು ವೆಚ್ಚದಲ್ಲಿ 10 ಕೋಟಿಯನ್ನು ನಿಲ್ಲಿಸಿಬಿಟ್ಟಿತು. ಆಪ್ ಇಳಿಸಿಕೊಳ್ಳುವವರ ಸಂಖ್ಯೆಯಲ್ಲಿ ಬದಲಾವಣೆಯೇ ಕಾಣಲಿಲ್ಲವೆಂದು ಆಗ ಆ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿಯು ಮುಂದೆ ತಿಳಿಸಿದರು.

ಸಿಂದಗಿಗೆ ಮರಳೋಣ. ಜಾಹೀರಾತಿಲ್ಲದೆ ತಿಂಗಳಿಗೆ ಸರಾಸರಿ 40 ಆರ್ಡರು ಬರುತ್ತಿದ್ದುವೆನ್ನಿ. ದಲ್ಲಾಳಿಯನ್ನು ಗೊತ್ತುಮಾಡಿದ ತಿಂಗಳು 42 ಬಂದುವು; ಅದರಲ್ಲಿ 25 ತನ್ನಿಂದ ಬಂದುವೆಂದು ಅವನು ಲೆಕ್ಕ ತೋರಿಸುತ್ತಾನೆ. ಆರ್ಡರಿಗೆ 30 ರೂಪಾಯಿಯಂತೆ ಕಮಿಷನ್ 750 ರೂಪಾಯಿ. ಹೆಚ್ಚಿದ್ದು ಎರಡೇ ಆರ್ಡರು; ಎಂದರೆ ಒಂದೊಂದಕ್ಕೂ 375 ರೂಪಾಯಿ ತೆತ್ತಂತಾಯಿತು! ಆದರೆ ಆ ಎರಡಾದರೂ ನಿಜವೆ? ಸರಾಸರಿ 40 ಇರುವಾಗ ತಿಂಗಳಿಂದ ತಿಂಗಳಿಗೆ ಸಹಜವಾಗಿ ಆಗುವ ಏರಿಳಿತವು 40ರ ವರ್ಗಮೂಲದಷ್ಟು, ಸುಮಾರು 6. ಇಂಥ ಏರಿಳಿತದ ನಡುವೆ 2ರ ಹೆಚ್ಚಳವನ್ನು ಕಂಡುಹಿಡಿಯುವ ಮಾತೇ ಇಲ್ಲ. ನಿಜವಾದ ಹೆಚ್ಚಳವು 4 ಇದ್ದರೂ ಅದನ್ನು ಕೊಂಚಮಟ್ಟಿಗೆ ನಂಬಿಕೆಯಿಂದ ಹೇಳಲು ಜಾಹೀರಾತು ಇರುವ 20 ತಿಂಗಳು, ಇಲ್ಲದ 20 ತಿಂಗಳು ಬೇಕು. ಈಬೇ, ಊಬರ್‌ಗಳಿಗೆ ಕೋಟಿಗಟ್ಟಲೆ ಗಿರಾಕಿಗಳಿರುವುದರಿಂದ ಉತ್ತರ ವಾರಗಳಲ್ಲಿ ದೊರೆಯುತ್ತದೆ. ಚಿಕ್ಕ ವ್ಯಾಪಾರಿಗೆ ಈ ಸೌಕರ್ಯವಿಲ್ಲ. ಮೋಸದ ದಲ್ಲಾಳಿಗೆ ಅವನು ಸುಲಭವಾದ ತುತ್ತಾಗುವುದು ಇದರಿಂದಲೇ ಎಂದು ನನ್ನ ಅಭಿಪ್ರಾಯ.

ಆದುದರಿಂದ ಚಿಕ್ಕವರು ಬೇರೆ ಕಾವಲುಗಳನ್ನು ಇಟ್ಟುಕೊಳ್ಳಬೇಕಾಗುತ್ತದೆ. ನಮ್ಮಲ್ಲಿ ಸರಕು ಕೈಸೇರಿದ ಮೇಲೆ ಹಣ ಕೊಡುವ ಪದ್ಧತಿ ಬಹಳ. ದಲ್ಲಾಳಿಯೇ ಸುಳ್ಳು ಹೆಸರಿನಲ್ಲಿ ಆರ್ಡರು ಹಾಕಿ ಕಮಿಷನ್ ಪಡೆದರೆ, ಪೊಟ್ಟಣವು ಹೋಗಿ ಮರಳುವ ಎರಡು ಕಡೆಯ ಸಾಗಣೆಯ ವೆಚ್ಚವೂ ವ್ಯಾಪಾರಿಯ ತಲೆಯ ಮೇಲೆ ಬೀಳುತ್ತದೆ. ಸರಕನ್ನು ಹಿಂತಿರುಗಿಸುವ ಅವಧಿ ಕಳೆದ ಮೇಲೆಯೇ ಕಮಿಷನ್ ಸಲ್ಲುವುದೆಂದು ಮೊದಲೇ ಒಪ್ಪಂದ ಮಾಡಿಕೊಂಡರೆ ಈ ಮೋಸದ ಬಹುಭಾಗ ನಿಲ್ಲುತ್ತದೆ. ಒಬ್ಬೊಬ್ಬ ದಲ್ಲಾಳಿಗೂ ಒಂದೊಂದು ರಿಯಾಯಿತಿ ಸಂಕೇತವನ್ನು ಕೊಡುವುದು ಇನ್ನೊಂದು ಉಪಾಯ. ಕಾಣದ ಚೀಟಿಯಂತಲ್ಲದೆ ಅದನ್ನು ಗಿರಾಕಿಯು ತಿಳಿದೇ ಬರೆಯಬೇಕು. ಅದೂ ಸೋರಿಹೋಗಿ ಇತರರ ಕೈಸೇರುವುದುಂಟು. ದಲ್ಲಾಳಿಯು ಮತ್ತೊಬ್ಬನಿಗೆ, ಅವನು ಇನ್ನೊಬ್ಬನಿಗೆ ಕೆಲಸವನ್ನು ವಹಿಸಿಕೊಡಕೂಡದೆಂದೂ ಬರೆಯಿಸಿಕೊಳ್ಳಬೇಕು. ಹಲವು ಕೈ ಮೀರಿದ ಮೇಲೆ ಯಾರನ್ನು ಕೇಳುವುದು?

ಭೌತವಿಜ್ಞಾನವನ್ನು ಓದಿ ಸಂಖ್ಯಾಶಾಸ್ತ್ರಕ್ಕೆ ಬಂದ ಪ್ರಶಾಂತಚಂದ್ರ ಮಹಾಲನೋಬಿಸ್ ಅವರು ಬಂಗಾಳದ ಬೆಳೆಗಳ ಸಮೀಕ್ಷೆ ನಡೆಸಿದಾಗ, ಒಂದೇ ಪ್ರದೇಶವನ್ನು ಒಂದು ತಂಡದ ಹಂಗಿಲ್ಲದ ಮತ್ತೊಂದು ತಂಡದಿಂದಲೂ ಅಳೆಸಿ ತಾಳೆ ನೋಡುತ್ತಿದ್ದರು. ಉಪ್ಪಿನಕಾಯಿಯವರೂ ಅದೇ ಜಾಡು ಹಿಡಿಯಬಹುದು: ಚೀಟಿಯ ಲೆಕ್ಕ ಒಂದು ಕಡೆ ಇರಲಿ, ಆರ್ಡರು ಕೊಟ್ಟವರಿಗೆ ಫೋನ್ ಮಾಡಿ “ನಮ್ಮ ವಿಷಯ ನಿಮಗೆ ಹೇಗೆ ತಿಳಿಯಿತು?” ಎಂದು ಕೇಳಿದ ಲೆಕ್ಕ ಇನ್ನೊಂದು ಕಡೆ ಇರಲಿ. ಜೊತೆಗೆ ಈ ತಿಂಗಳು ಕಲಬುರಗಿಯಲ್ಲಿ ಮಾತ್ರ ಜಾಹೀರಾತು, ಬೆಳಗಾವಿಯಲ್ಲಿ ಇಲ್ಲ. ಮುಂದಿನ ತಿಂಗಳು ಬೆಳಗಾವಿಯಲ್ಲಿ ಉಂಟು, ಕಲಬುರಗಿಯಲ್ಲಿ ಇಲ್ಲ ಎಂದು ಅದಲುಬದಲು ಮಾಡುತ್ತ ಹೋದರೆ, ಹಬ್ಬ ಮದುವೆಗಳ ಕಾಲದ ಏರಿಳಿತವು ಎರಡೂ ಊರುಗಳನ್ನು ಬಹುಮಟ್ಟಿಗೆ ಸಮನಾಗಿ ತಟ್ಟಿ ಲೆಕ್ಕದಿಂದ ಜಾರಿಹೋಗುತ್ತದೆ. ಇದಕ್ಕೆ ಬೇಕಾದುದು ನಾಲ್ಕು ಅಂಕಣಗಳ ಒಂದು ನೋಟುಪುಸ್ತಕ: ತಿಂಗಳು, ಊರು, ಜಾಹೀರಾತು ಇತ್ತೋ ಇಲ್ಲವೋ, ಬಂದ ಆರ್ಡರುಗಳೆಷ್ಟು. ದಲ್ಲಾಳಿಯು ತೋರಿಸುವ ಲೆಕ್ಕವನ್ನು ಆ ಪುಸ್ತಕದಲ್ಲಿ ಬರೆಯುವ ಅಗತ್ಯವೇ ಇಲ್ಲ.